ಬೆರೆಯಲೊಲ್ಲದ ಪ್ಲಾಸ್ಟಿಕ್‌ಗಳು

ಕಾವ್ಯ, ಸಂಗೀತಗಳ ಈ ಉಪನ್ಯಾಸ ಮಾಲೆಯಲ್ಲಿ ಪ್ಲಾಸ್ಟಿಕ್ಕಿಗೇನು ಕೆಲಸ ಎಂದು ಕಾರ್ಯದರ್ಶಿಗಳನ್ನೇ ಕೇಳಿದೆ. ಧೈರ್ಯವಾಗಿ ಮಾತಾಡಿ ಎಂದರು. ಆದದ್ದಾಗಲಿ ಎಂದು ಬಂದಿದ್ದೇನೆ.

ನಿಮ್ಮ ಮೊಬೈಲಿನ ಫೋಟೊಗಳು ಇರುವುದು ಫ್ಲಾಶ್ ಮೆಮೊರಿಯಲ್ಲಿ. ಅಲ್ಲಿ ಸಿಲಿಕಾನ್ ಚಿಪ್ಪಿನೊಳಗೆ ಎಲೆಕ್ಟ್ರಾನ್‌ಗಳನ್ನು ಕೂಡಿಹಾಕಿರುತ್ತಾರೆ. ಆ ಗೋಜೇ ಬೇಡ, ವಸ್ತುವಿನ ವಿದ್ಯುತ್ ರೋಧವನ್ನೇ ಹೆಚ್ಚುಕಡಿಮೆ ಮಾಡಿ 0 ಮತ್ತು 1 ಬರೆಯೋಣ ಎನ್ನುವುದು ಇನ್ನೊಂದು ದಾರಿ. 2003ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯ ಮತ್ತು ಎಚ್‌ಪಿ ಕಂಪನಿಯವರು ಫೋಟೊ ಫಿಲ್ಮಿಗೆ ಬಳಿಯುತ್ತಿದ್ದ ಒಂದು ವಿದ್ಯುದ್ವಾಹಕ ಪಾಲಿಮರ್‌ನಿಂದ ಇಂಥ ಮೆಮೊರಿ ಮಾಡಿದರು. ಹೆಚ್ಚು ವಿದ್ಯುತ್ ಹರಿಸಿದರೆ ಪಾಲಿಮರ್ ಕೆಡುತ್ತದೆ, ಫ್ಯೂಸ್ ಹೋದ ಹಾಗೆಯೇ. ಒಮ್ಮೆ ಬರೆದರೆ ಮುಗಿಯಿತು, ಅಳಿಸುವಂತಿಲ್ಲ.

2008ರಲ್ಲಿ ಎಚ್‌ಪಿಯವರು ಟೈಟಾನಿಯಂ ಡೈಆಕ್ಸೈಡಿನಲ್ಲಿ ಮೆಮ್ರಿಸ್ಟರ್, ಅಂದರೆ ತನ್ನ ರೋಧವನ್ನು ನೆನಪಿಟ್ಟುಕೊಳ್ಳುವ ಸಾಧನ, ಕಂಡೆವೆಂದಾಗ ಲೋಕವೆಲ್ಲ ಅತ್ತ ತಿರುಗಿತು. ಅದೇ ವರ್ಷ ನೆದರ್ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ಕಮಾಲ್ ಅಸಾದಿ, ಡಾಗೊ ಡಿ ಲೇವ್, ಬರ್ಟ್ ಡಿ ಬೋರ್, ಪಾಲ್ ಬ್ಲೋಮ್ ಅವರು ಮಾಡಿದ ಕೆಲಸಕ್ಕೆ ಅಷ್ಟು ಸದ್ದಾಗಲಿಲ್ಲ. ನನ್ನನ್ನು ಕೇಳಿದರೆ ಜಾಣತನ ಹೆಚ್ಚಿದ್ದದ್ದು ಅಲ್ಲಿಯೇ.

ಅವರು ತೆಗೆದುಕೊಂಡದ್ದು ಎರಡು ಪಾಲಿಮರ್. ಮೊದಲನೆಯದು ಪಿವಿಡಿಎಫ್ ಎಂಬ ಫ್ಲೋರಿನ್ ಪ್ಲಾಸ್ಟಿಕ್ಕಿನ ತಮ್ಮ. ಇದರ ಅಣು ಸರಪಳಿಯ ಒಂದು ಮಗ್ಗುಲಿಗೆ ಫ್ಲೋರಿನ್, ಇನ್ನೊಂದು ಮಗ್ಗುಲಿಗೆ ಹೈಡ್ರೋಜನ್. ಫ್ಲೋರಿನ್ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಆ ಮಗ್ಗುಲು ಋಣ, ಈ ಮಗ್ಗುಲು ಧನ. ಜೋರಾದ ವೋಲ್ಟೇಜ್ ಕೊಟ್ಟರೆ ಸರಪಳಿಗಳು ಮಗ್ಗುಲು ಬದಲಿಸುತ್ತವೆ. ವೋಲ್ಟೇಜ್ ತೆಗೆದರೂ ಹಾಗೇ ಇರುತ್ತವೆ. ಇದಕ್ಕೆ ಫೆರೋಎಲೆಕ್ಟ್ರಿಕ್ ಗುಣ ಎನ್ನುತ್ತಾರೆ. ನೆನಪು ಗಟ್ಟಿ, ಆದರೆ ಮೈಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಏನು ಬರೆದಿದೆ ಎಂದು ನೋಡಬೇಕಾದರೆ ಮತ್ತೆ ಮಗ್ಗುಲು ಬದಲಿಸಿಯೇ ನೋಡಬೇಕು. ಓದಿದ ಕೂಡಲೇ ಬರಹ ಅಳಿಸಿಹೋಗುತ್ತದೆ, ಪುನಃ ಬರೆಯಬೇಕು. ಎರಡನೆಯದು ಪಾಲಿಥಯೋಫೀನ್ ಜಾತಿಯ ಅರೆವಾಹಕ. ಇದರಲ್ಲಿ ವಿದ್ಯುತ್ ಹರಿಯುತ್ತದೆ, ನೆನಪು ಮಾತ್ರ ಸೊನ್ನೆ.

ಎರಡನ್ನೂ ಒಂದೇ ದ್ರಾವಕದಲ್ಲಿ ಕರಗಿಸಿ, ಗಿರಗಿರನೆ ತಿರುಗುವ ಗಾಜಿನ ತುಂಡಿನ ಮೇಲೆ ಹರಡುತ್ತಾರೆ. ದ್ರಾವಕ ಆರುತ್ತಿದ್ದಂತೆ ಎರಡೂ ಬೇರೆಬೇರೆಯಾಗುತ್ತವೆ, ಏಕೆಂದರೆ ಉದ್ದುದ್ದ ಸರಪಳಿಯ ಪಾಲಿಮರ್‌ಗಳು ಒಂದರೊಳಗೊಂದು ಸುಲಭಕ್ಕೆ ಬೆರೆಯುವುದಿಲ್ಲ. ಪ್ಲಾಸ್ಟಿಕ್ ಕಾರ್ಖಾನೆಯವರಿಗೆ ಇದು ಹಳೆಯ ತಲೆನೋವು. ಇಲ್ಲಿ ಅದೇ ವರವಾಯಿತು. ಫೆರೋಎಲೆಕ್ಟ್ರಿಕ್ ಪಾಲಿಮರ್‌ನ ಪದರದ ನಡುನಡುವೆ ಅರೆವಾಹಕದ ಸಣ್ಣ ಕಂಬಗಳು ನಿಂತವು, ಕೆಳಗಿನ ಲೋಹದಿಂದ ಮೇಲಿನ ಲೋಹದವರೆಗೆ.

ಲೋಹದಿಂದ ಆ ಕಂಬಕ್ಕೆ ವಿದ್ಯುದಂಶ ಇಳಿಯಬೇಕಾದರೆ ಒಂದು ತಡೆ ದಾಟಬೇಕು. ಲೋಹವನ್ನು ಬೇಕೆಂದೇ ತಡೆ ಎತ್ತರವಾಗಿರುವಂತೆ ಆರಿಸಿರುತ್ತಾರೆ. ಪಕ್ಕದ ಫೆರೋಎಲೆಕ್ಟ್ರಿಕ್ ಒಂದು ಮಗ್ಗುಲಿಗೆ ಮಲಗಿದ್ದರೆ, ಅದರ ವಿದ್ಯುತ್ ಕ್ಷೇತ್ರ ಕಂಬದ ಅಂಚಿನಲ್ಲಿ ಆ ತಡೆಯನ್ನು ತಗ್ಗಿಸುತ್ತದೆ, ವಿದ್ಯುತ್ ನುಗ್ಗುತ್ತದೆ. ಇನ್ನೊಂದು ಮಗ್ಗುಲಾದರೆ ತಡೆ ಹಾಗೇ ಉಳಿಯುತ್ತದೆ. ಓದಲು ಸಣ್ಣ ವೋಲ್ಟೇಜ್ ಸಾಕು, ಮಗ್ಗುಲು ಬದಲಾಗುವುದಿಲ್ಲ. ಹೀಗೆ ಒಂದರ ನೆನಪನ್ನು ಇನ್ನೊಂದರ ಮೂಲಕ ಓದಬಹುದು, ಎಷ್ಟು ಸಲ ಓದಿದರೂ ಬರಹ ಅಳಿಯದು.

ತೊಂದರೆಗಳಿಲ್ಲವೇ? ಬೇಕಾದಷ್ಟಿವೆ. ಮಗ್ಗುಲು ಬದಲಿಸಲು ಮೈಕ್ರಾನಿಗೆ ಸುಮಾರು 50 ವೋಲ್ಟ್ ಬೇಕು. ಬ್ಯಾಟರಿಯ ಕೆಲವೇ ವೋಲ್ಟಿನಲ್ಲಿ ಬರೆಯಬೇಕಾದರೆ ಪದರ ಮೈಕ್ರಾನಿನ ಹತ್ತನೆಯ ಒಂದು ಭಾಗಕ್ಕಿಂತ ತೆಳ್ಳಗಿರಬೇಕು. ಆದರೆ ಬೇರ್ಪಟ್ಟ ಪದರದ ಮೈ ಉಬ್ಬುತಗ್ಗು. ತೆಳ್ಳಗೆ ಮಾಡಿದಷ್ಟೂ ಮೇಲಿನ ಲೋಹ ಕೆಳಗಿನದಕ್ಕೆ ತಾಗಿ ಶಾರ್ಟ್ ಆಗುವ ಭಯ. ಕಂಬಗಳು ಎಲ್ಲಿ ಎಷ್ಟು ದಪ್ಪ ನಿಲ್ಲುತ್ತವೆ ಎನ್ನುವುದೂ ದ್ರಾವಕ ಆರುವ ವೇಗ, ಮಿಶ್ರಣದ ಪ್ರಮಾಣಗಳ ಮರ್ಜಿ. ಕೋಟಿ ಬಿಟ್‌ಗಳು ಒಂದೇ ತೆರನಾಗಿರಬೇಕಾದ ಕಡೆ ಇದು ಸಣ್ಣ ಮಾತಲ್ಲ.

ನಮ್ಮವರು ಹಿಡಿದ ದಾರಿ ಬೇರೆ. 2024ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿ ಅವರ ತಂಡ ರುಥೇನಿಯಂ ಇರುವ ಅಣುಗಳ ಪದರದಲ್ಲಿ, ಬರೀ ಎರಡಲ್ಲ, 16,520 ಬೇರೆಬೇರೆ ವಾಹಕತೆಯ ಮಟ್ಟಗಳನ್ನು ತೋರಿಸಿತು. ಅದು ಪಾಲಿಮರ್ ಮಿಶ್ರಣವಲ್ಲ, ಸಣ್ಣ ಅಣು. ಮೆದುಳಿನಂತೆ ಲೆಕ್ಕ ಮಾಡುವ ಯಂತ್ರಗಳಿಗೆ ಅದು ಹೆಚ್ಚು ಒಗ್ಗಬಹುದು ಎಂದು ನನ್ನ ಎಣಿಕೆ.

ಹಾಗಾದರೆ ನಮ್ಮ ಮಿಶ್ರಣಕ್ಕೆ ಜಾಗ ಎಲ್ಲಿ? ಮೊಬೈಲಿನಲ್ಲಂತೂ ಅಲ್ಲ. ಈ ಫೆರೋಎಲೆಕ್ಟ್ರಿಕ್ ಸುಮಾರು 150 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಮೊದಲೇ ಬರೆದದ್ದನ್ನು ಮರೆಯುತ್ತದೆ. ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುವ ಒಲೆಯಲ್ಲಿ 240 ಡಿಗ್ರಿ ದಾಟುತ್ತದೆ. ಆ ಒಲೆಯೊಳಗೇ ಹೋಗಬೇಕಿಲ್ಲದ ಜಾಗ ಹುಡುಕಬೇಕು: ಔಷಧದ ಪೊಟ್ಟಣದ ಲೇಬಲ್ಲು, ಬಸ್ಸಿನ ಪಾಸು, ಶಾಯಿಯಂತೆ ಅಚ್ಚೊತ್ತಿ ಮುಗಿಸಬಹುದಾದ ಯಾವುದೇ ಪ್ಲಾಸ್ಟಿಕ್ ಹಾಳೆ.