ಮುಖದ ಮೊಡವೆ, ತಲೆಯ ಗುಳ್ಳೆ: ಊರಿನಿಂದ ತಂದ ಮದ್ದು ಎಷ್ಟು ಸರಿ?

(ಭಾರತದಿಂದ ಬಂದಿರುವ ತಂದೆತಾಯಂದಿರಿಗಾಗಿ ದೇವಸ್ಥಾನದ ಆರೋಗ್ಯ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಬಿ.ಪಿ., ಶುಗರ್ ನೋಡಿಸಿಕೊಂಡು ಬಂದು ಕುಳಿತಿದ್ದೀರಿ. ಪ್ರಸಾದದ ಹೊತ್ತೂ ಆಗುತ್ತಾ ಬಂತು. ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ.

ಇವತ್ತಿನ ವಿಷಯ ಮೊಡವೆ. "ಈ ವಯಸ್ಸಿನಲ್ಲಿ ನಮಗೇಕಪ್ಪಾ ಮೊಡವೆಯ ಮಾತು" ಎಂದು ನಗಬೇಡಿ. ಮೂವತ್ತು ದಾಟಿದ ನಿಮ್ಮ ಮಗಳಿಗೋ ಸೊಸೆಗೋ ಗದ್ದದ ಸುತ್ತ, ದವಡೆಯ ಅಂಚಿನಲ್ಲಿ ಗಂಟು ಗಂಟಾಗಿ ಮೊಡವೆ ಏಳುವುದನ್ನು ಇಲ್ಲಿಗೆ ಬಂದ ಮೇಲೆ ನೀವು ನೋಡಿರಬಹುದು. ಮುಟ್ಟಿದರೆ ನೋವು, ಒಣಗಿದರೆ ಕಲೆ. ಇನ್ನು ನಿಮ್ಮಲ್ಲೇ ಕೆಲವರಿಗೆ ಬಾಚಣಿಗೆ ತಾಗಿದರೆ ನೋಯುವ ಗುಳ್ಳೆಗಳು ತಲೆಯಲ್ಲಿವೆ. ಹೇಳಿದರೆ ಮಕ್ಕಳಿಗೆ ಡಾಕ್ಟರ ಖರ್ಚು ಎಂದು ಸುಮ್ಮನಿದ್ದೀರಿ.

ಊರಿನಿಂದ ಹೊರಡುವಾಗ ಇದಕ್ಕೆಲ್ಲ ಇರಲಿ ಎಂದು ಸೂಟ್‌ಕೇಸಿನಲ್ಲಿ ಒಂದಿಷ್ಟು ಪುಡಿ, ಮಾತ್ರೆ, ಟ್ಯೂಬು ಇಟ್ಟುಕೊಂಡು ಬಂದಿರುತ್ತೀರಿ. ಅದರಲ್ಲಿ ಯಾವುದನ್ನು ಧೈರ್ಯವಾಗಿ ಬಳಸಬಹುದು, ಯಾವುದನ್ನು ಮಗಳ ಕೈಗೆ ಕೊಡಲೇಬಾರದು ಎನ್ನುವುದನ್ನು ಇವತ್ತು ಹೇಳುತ್ತೇನೆ.

ಶಾಸ್ತ್ರ ಹೇಳುವುದೇನು?

ಸುಶ್ರುತ ಸಂಹಿತೆ ಮೊಡವೆಯನ್ನು ಕ್ಷುದ್ರರೋಗಗಳ ಸಾಲಿನಲ್ಲಿ ಹೇಳುತ್ತದೆ. ಬೂರುಗದ ಮರದ ಮುಳ್ಳಿನಂತೆ ಮುಖದ ಮೇಲೆ ಏಳುವ ಗುಳ್ಳೆ. ಕಫ, ವಾತ, ರಕ್ತ ಕೆಟ್ಟಾಗ ಬರುತ್ತದೆ. ಮುಖ ಕೆಡಿಸುವುದರಿಂದ ಮುಖದೂಷಿಕೆ ಎಂದು ಹೆಸರು. ತಲೆಯಲ್ಲಿ ಕೀವು, ನೀರು ಒಸರುವ ಗುಳ್ಳೆಗಳಿಗೆ ಅರುಂಷಿಕೆ ಎನ್ನುತ್ತಾರೆ. ಅದಕ್ಕೆ ಕಫ, ರಕ್ತದ ಜೊತೆಗೆ ಕ್ರಿಮಿಯೂ ಕಾರಣ ಎಂದಿದೆ. ಇಂದಿನ ಚರ್ಮವೈದ್ಯರು, ಚರ್ಮದ ಜಿಡ್ಡು ರಂಧ್ರದಲ್ಲಿ ಕಟ್ಟಿಕೊಂಡು, ಬ್ಯಾಕ್ಟೀರಿಯಾ ಸೇರಿ, ಊದಿಕೊಂಡು ಮೊಡವೆಯಾಗುತ್ತದೆ ಎನ್ನುತ್ತಾರೆ. ತಲೆಯ ಕೂದಲಿನ ಬುಡದಲ್ಲಿ ಬ್ಯಾಕ್ಟೀರಿಯಾ ಅಥವಾ ಫಂಗಸ್ ಬೆಳೆದರೆ ಕೀವುಗುಳ್ಳೆ ಬರುತ್ತದೆ.

ಹೇಳುವ ರೀತಿ ಬೇರೆಯಾದರೂ ಚಿಕಿತ್ಸೆಯ ಮೊದಲ ಹೆಜ್ಜೆಯಲ್ಲಿ ಎರಡೂ ಒಂದೇ. ಆಯುರ್ವೇದ ಅದನ್ನು ನಿದಾನ ಪರಿವರ್ಜನ ಎನ್ನುತ್ತದೆ. ಅಂದರೆ, ಮದ್ದು ಹುಡುಕುವ ಮೊದಲು ರೋಗ ತರುವುದನ್ನು ಬಿಡುವುದು.

ಮೊದಲು ಏನು ಬಿಡಬೇಕು?

ಒಂದು, ಎಣ್ಣೆ. ಮೊಡವೆ ಕಂಡ ಕೂಡಲೇ ನಾವು "ಉಷ್ಣ ಆಗಿದೆ, ಎಣ್ಣೆ ಹಚ್ಚು" ಎನ್ನುತ್ತೇವೆ. ಹಣೆ, ಕೂದಲಂಚು, ತಲೆಯಲ್ಲಿ ಗುಳ್ಳೆ ಇರುವವರಿಗೆ ರಾತ್ರಿಯಿಡೀ ಕೊಬ್ಬರಿ ಎಣ್ಣೆ ಬಿಟ್ಟರೆ ಗುಳ್ಳೆ ಹೆಚ್ಚಾಗಬಹುದು. ವಾಷಿಂಗ್ಟನ್ ಸುತ್ತಮುತ್ತ ಇರಲಿ, ಅಟ್ಲಾಂಟಾ ಇರಲಿ, ಕ್ಯಾರೊಲಿನಾ ಇರಲಿ, ಇಲ್ಲಿಯ ಬೇಸಿಗೆ ನಮ್ಮ ಮಂಗಳೂರಿನಂತೆ ಬೆವರಿನದು. ಗುಳ್ಳೆ ಮಾಗುವವರೆಗೆ ಎಣ್ಣೆಸ್ನಾನ ಬೇಡ. ದಿಂಬಿನ ಕವರು, ಬಾಚಣಿಗೆ, ಟೋಪಿ ವಾರಕ್ಕೊಮ್ಮೆಯಾದರೂ ತೊಳೆಯಿರಿ.

ಎರಡು, ಹಿಸುಕುವುದು. ಹಿಸುಕಿದರೆ ಕೀವು ಒಳಗೇ ಒಡೆಯುತ್ತದೆ. ನಮ್ಮ ಗೋಧಿಬಣ್ಣದ, ಕಪ್ಪು ಚರ್ಮದಲ್ಲಿ ಅದರ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಮೂರು, ತಿನ್ನುವುದು. ಸಕ್ಕರೆ, ಮೈದಾ, ಸಿಹಿ ಪಾನೀಯ ಕಡಿಮೆ ಮಾಡಿದರೆ ಕೆಲವರಿಗೆ ಮೊಡವೆ ಇಳಿಯುತ್ತದೆ. ಜಿಮ್‌ಗೆ ಹೋಗುವ ಮಗ ವೇ ಪ್ರೋಟೀನ್ ಪುಡಿ ಕುಡಿಯುತ್ತಿದ್ದರೆ ಅದನ್ನು ಕೆಲವು ವಾರ ನಿಲ್ಲಿಸಿ ನೋಡಲು ಹೇಳಿ.

ನಾಲ್ಕು, ಔಷಧಿ. ಸ್ಟೆರಾಯ್ಡ್ ಮಾತ್ರೆ, ಹೆಚ್ಚು ಪ್ರಮಾಣದ ಬಿ12, ಇನ್ನೂ ಕೆಲವು ಮಾತ್ರೆಗಳಿಂದ ಮೊಡವೆಯಂಥ ಗುಳ್ಳೆ ಬರುವುದುಂಟು. ನೀವಾಗಿಯೇ ನಿಲ್ಲಿಸಬೇಡಿ, ಮಾತ್ರೆಗಳ ಪಟ್ಟಿಯನ್ನು ಡಾಕ್ಟರಿಗೆ ತೋರಿಸಿ.

ಮಗಳಿಗೆ ಮುಟ್ಟು ಸರಿಯಾಗಿ ಆಗದಿದ್ದರೆ, ಗದ್ದದಲ್ಲಿ ಗಡುಸು ಕೂದಲು ಬರುತ್ತಿದ್ದರೆ, ಪಿಸಿಒಎಸ್ ಎಂಬ ಹಾರ್ಮೋನು ತೊಂದರೆ ಇರಬಹುದು. ಅದಕ್ಕೆ ಲೇಪ ಸಾಲದು, ರಕ್ತಪರೀಕ್ಷೆ ಬೇಕು.

ಲೇಪ ಹಚ್ಚುವ ಕ್ರಮ

ಲೋಧ್ರದ ತೊಗಟೆ, ಕೊತ್ತಂಬರಿ ಬೀಜ, ಬಜೆ ಬೇರು ಸಮ ಪಾಲು ಅರೆದು ಹಚ್ಚುವುದು ಮೊಡವೆಗೆ ನಮ್ಮ ವೈದ್ಯರ ಹಳೆಯ ಲೇಪ. ಸಣ್ಣ ಮೊಡವೆಗೆ ಇಂಥ ಲೇಪ ಹಿತವೆನಿಸಬಹುದು. ಹಚ್ಚುವಾಗ ಸುಶ್ರುತನ ಕ್ರಮ ಪಾಲಿಸಿ: ಆಗತಾನೇ ಅರೆದದ್ದನ್ನೇ ಹಚ್ಚಬೇಕು, ರಾತ್ರಿ ಹಚ್ಚಬಾರದು, ಪೂರ್ತಿ ಒಣಗಿ ಬಿಗಿಯಲು ಬಿಡಬಾರದು, ಹಳೆಯ ಲೇಪದ ಮೇಲೆ ಹೊಸದನ್ನು ಬಳಿಯಬಾರದು. ಮೊದಲು ಮೊಣಕೈ ಒಳಭಾಗದಲ್ಲಿ ಚೂರು ಹಚ್ಚಿ ಒಂದೆರಡು ದಿನ ನೋಡಿ. ಉರಿ, ತುರಿಕೆ ಬಂದರೆ ಬಿಟ್ಟುಬಿಡಿ. ನಿಂಬೆರಸ, ಬೆಳ್ಳುಳ್ಳಿ, ಟೂತ್‌ಪೇಸ್ಟ್ ಹಚ್ಚಿದರೆ ಚರ್ಮ ಸುಡುತ್ತದೆ. ಕಡಲೆಹಿಟ್ಟಿನಿಂದ ಕೀವುಗುಳ್ಳೆಯನ್ನು ಉಜ್ಜಬೇಡಿ.

ತಲೆಯ ಗುಳ್ಳೆಗೆ ಕಹಿಬೇವಿನ ಎಲೆ ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯುವುದು ಸಂಹಿತೆಯಲ್ಲೇ ಇದೆ. ಅದರಲ್ಲಿ ತಪ್ಪಿಲ್ಲ. ಆದರೆ ಬೇವಿನ ಎಣ್ಣೆಯನ್ನು ಮೊಮ್ಮಕ್ಕಳ ಬಾಯಿಗೆ ಒಂದು ಹನಿಯೂ ಹಾಕಬೇಡಿ. ಎಳೆಯ ಮಕ್ಕಳಿಗೆ ಅದು ಪ್ರಾಣಾಪಾಯ ತರಬಲ್ಲದು.

ಹೊಟ್ಟೆಗೆ ಕೊಡುವ ಔಷಧಿ: ಇಲ್ಲಿ ಎಚ್ಚರ

ಈ ಭಾಗವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಗಿಡಮೂಲಿಕೆಯ ಔಷಧಿ ಬೇರೆ, ರಸೌಷಧಿ ಬೇರೆ. ರಸೌಷಧಿಯಲ್ಲಿ ಲೋಹ, ಖನಿಜಗಳನ್ನು ಸಂಸ್ಕರಿಸಿ ಬೇಕೆಂದೇ ಸೇರಿಸುತ್ತಾರೆ. ಚರ್ಮರೋಗಕ್ಕೆ ಕೊಡುವ ಆರೋಗ್ಯವರ್ಧಿನಿಯಲ್ಲಿ ಪಾದರಸ ಇರುತ್ತದೆ. ರಸಮಾಣಿಕ್ಯವನ್ನು ಹರಿತಾಳದಿಂದ ಮಾಡುತ್ತಾರೆ, ಹರಿತಾಳವೆಂದರೆ ಆರ್ಸೆನಿಕ್. ಹೆಸರಿಲ್ಲದ ಪೊಟ್ಟಣದಲ್ಲಿ ಏನಿದೆ ಎಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ.

2004ರಲ್ಲಿ ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಿಗಳ ಪರೀಕ್ಷೆಯ ಫಲಿತಾಂಶ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಬಂತು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. 2008ರಲ್ಲಿ ಇಂಟರ್‌ನೆಟ್ ಮೂಲಕ ತರಿಸಿದ 193 ಔಷಧಿಗಳನ್ನು ನೋಡಿದಾಗಲೂ ಸುಮಾರು ಐದರಲ್ಲಿ ಒಂದರಲ್ಲಿ ಲೋಹ ಸಿಕ್ಕಿತು. ಅಮೆರಿಕದಲ್ಲಿ ತಯಾರಾದವೂ ಇದಕ್ಕೆ ಹೊರತಾಗಿರಲಿಲ್ಲ. 2011-12ರಲ್ಲಿ ನ್ಯೂಯಾರ್ಕ್ ನಗರದಲ್ಲಿ 6 ಮಂದಿ ಗರ್ಭಿಣಿಯರ ರಕ್ತದಲ್ಲಿ ಹೆಚ್ಚಿನ ಸೀಸ ಕಂಡುಬಂತು. ಅವರು ತೆಗೆದುಕೊಂಡಿದ್ದು ಭಾರತದಲ್ಲಿ ತಯಾರಾದ ಆಯುರ್ವೇದ ಮಾತ್ರೆಗಳು. ತಾಯಿಯ ರಕ್ತದ ಸೀಸ ಹೊಟ್ಟೆಯ ಮಗುವಿಗೂ ಹೋಗುತ್ತದೆ, ಮಗುವಿನ ಮಿದುಳಿಗೆ ಹಾನಿ ಮಾಡುತ್ತದೆ.

ಮಗಳು ಗರ್ಭಿಣಿ ಎಂದು ನಿಮಗೆ ಹೇಳದೆಯೂ ಇರಬಹುದು, ಅವಳಿಗೇ ಇನ್ನೂ ತಿಳಿಯದೆಯೂ ಇರಬಹುದು. ಆದ್ದರಿಂದ ಅವಳನ್ನು ಪ್ರಶ್ನಿಸುವ ಬದಲು, ಭಸ್ಮ, ರಸ, ಸಿಂಧೂರ ಎಂಬ ಹೆಸರಿನವನ್ನೂ ಲೇಬಲ್ ಇಲ್ಲದವನ್ನೂ ಯಾರಿಗೂ ಕೊಡುವುದಿಲ್ಲ ಎಂದು ನೀವೇ ನಿಯಮ ಮಾಡಿಕೊಳ್ಳಿ. ಈಗಾಗಲೇ ತೆಗೆದುಕೊಂಡಿದ್ದರೆ ಗಾಬರಿ ಬೇಡ. ಡಾಕ್ಟರಿಗೆ ಮಾತ್ರೆ ತೋರಿಸಿ, ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿ. ಪಾಯ್ಸನ್ ಕಂಟ್ರೋಲ್‌ನ 1-800-222-1222 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಫೋನ್ ಮಾಡಬಹುದು.

ನಿಮಗೂ ಒಂದು ಮಾತು. ಖದಿರಾರಿಷ್ಟದಂಥ ಅರಿಷ್ಟಗಳಲ್ಲಿ ಸಿಹಿ ಇರುತ್ತದೆ, ಹುದುಗಿ ಬಂದ ಸ್ವಲ್ಪ ಮದ್ಯಾಂಶವೂ ಇರುತ್ತದೆ. ಶುಗರ್ ಇರುವವರು ಕೇಳದೆ ಕುಡಿಯಬೇಡಿ. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಅರಿಶಿನದ ಮಾತ್ರೆ ಸೇರಿಸಬೇಡಿ. ಸಾರಿಗೆ ಹಾಕುವ ಅರಿಶಿನಕ್ಕೆ ಚಿಂತೆಯಿಲ್ಲ.

ಟ್ಯೂಬಿನ ಕ್ರೀಮು

ಊರಿನ ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಡುವ ಟ್ಯೂಬುಗಳಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್ ಎಂಬ ಹೆಸರಿದ್ದರೆ ಅದು ಸ್ಟೆರಾಯ್ಡ್. ಹಚ್ಚಿದ ಮೊದಲ ವಾರ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ಕ್ರಮೇಣ ಚರ್ಮ ತೆಳುವಾಗಿ, ಕೆಂಪಾಗಿ, ಬಿಟ್ಟರೆ ಮೊದಲಿಗಿಂತ ಹೆಚ್ಚು ಮೊಡವೆ ಏಳುತ್ತದೆ. ಅದನ್ನು ಮುಖಕ್ಕೆ ಹಚ್ಚಲೇಬೇಡಿ. ಈಗಾಗಲೇ ಬಹುದಿನದಿಂದ ಹಚ್ಚುತ್ತಿದ್ದರೆ ಬಿಡುವ ಬಗೆಯನ್ನು ಡಾಕ್ಟರ ಹತ್ತಿರ ಕೇಳಿ.

ಇಲ್ಲಿಯ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆಯೇ ಬೆನ್ಜಾಯಿಲ್ ಪೆರಾಕ್ಸೈಡ್ ಸಿಗುತ್ತದೆ. 2016ರಿಂದ ಅಡಾಪಲೀನ್ ಜೆಲ್ ಕೂಡ ಸಿಗುತ್ತದೆ. ಮೊದಲನೆಯದು ಟವೆಲ್ಲು, ದಿಂಬಿನ ಬಣ್ಣ ತಿನ್ನುತ್ತದೆ, ಬಿಳಿಯದನ್ನೇ ಬಳಸಲಿ. ಎರಡನೆಯದನ್ನು ಗರ್ಭಿಣಿಯರು, ಗರ್ಭಕ್ಕೆ ಪ್ರಯತ್ನಿಸುತ್ತಿರುವವರು ಹಚ್ಚಬಾರದು. ಗುಣ ಕಾಣಲು ಎರಡು ಮೂರು ತಿಂಗಳು ಬೇಕು. "ಹದಿನೈದು ದಿನವಾದರೂ ಹೋಗಿಲ್ಲವಲ್ಲ" ಎಂದು ನೀವು ಅವಸರ ಮಾಡಿ ಬಿಡಿಸಬೇಡಿ. ಆಳದಲ್ಲಿ ನೋಯುವ ಗಂಟುಗಳಿಗೆ ಲೇಪವಾಗಲಿ ಜೆಲ್ ಆಗಲಿ ಸಾಲದು. ತಡಮಾಡಿದಷ್ಟೂ ಗುಳಿ ಬೀಳುತ್ತದೆ. ಚರ್ಮವೈದ್ಯರ ಭೇಟಿಗೆ ಇಲ್ಲಿ ವಾರಗಟ್ಟಲೆ ಕಾಯಬೇಕಾಗುವುದುಂಟು, ಈಗಲೇ ದಿನ ಗೊತ್ತುಮಾಡಿಸಿ.

ಮೊಡವೆಯಲ್ಲದ ಗುಳ್ಳೆ

ಅರವತ್ತರ ಮೇಲೆ ಹೊಸದಾಗಿ ಬಂದ ಗುಳ್ಳೆಯನ್ನೆಲ್ಲ ಮೊಡವೆ ಎನ್ನಬೇಡಿ. ಮೂಗು, ಕೆನ್ನೆ ಕೆಂಪಾಗಿ ಉರಿಯುತ್ತಾ ಗುಳ್ಳೆ ಬಂದರೆ ರೊಸೇಸಿಯಾ ಇರಬಹುದು. ಕುರು ಮತ್ತೆ ಮತ್ತೆ ಎದ್ದರೆ ಶುಗರ್ ನೋಡಿಸಿ. ಮಾಗದ ಹುಣ್ಣು, ರಕ್ತ ಬರುವ ಗಂಟು ಇದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ತಲೆಯ ಅಥವಾ ಹಣೆಯ ಒಂದೇ ಪಕ್ಕದಲ್ಲಿ ಚುಚ್ಚುವಂಥ, ಉರಿಯುವ ನೋವು ಬಂದು, ನೀರುಗುಳ್ಳೆ ಎದ್ದರೆ ಅದು ಸರ್ಪಸುತ್ತು. ಅದಕ್ಕೆ ಲೇಪ, ಮಂತ್ರ ಎಂದು ಕಾಯಬೇಡಿ. ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಿದರೆ ಒಳ್ಳೆಯದು. ಹಣೆ, ಮೂಗಿನ ತುದಿಗೆ ಬಂದರೆ ಕಣ್ಣಿಗೆ ಅಪಾಯ. ಮಗ ಆಫೀಸಿನಲ್ಲಿದ್ದರೂ ಫೋನ್ ಮಾಡಿ, ಅದೇ ದಿನ ತೋರಿಸಿಕೊಳ್ಳಿ. ಖರ್ಚಿನ ಚಿಂತೆಗೆ ಕಣ್ಣು ಕಳೆದುಕೊಳ್ಳಬೇಡಿ.

ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಸೂಟ್‌ಕೇಸಿನ ಔಷಧಿಗಳನ್ನೆಲ್ಲ ಊಟದ ಮೇಜಿನ ಮೇಲೆ ಇಟ್ಟು, ಮಗಳನ್ನೋ ಮಗನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದರ ಲೇಬಲ್ ಓದಿಸಿ. ಅನುಮಾನ ಬಂದದ್ದನ್ನು ಪಕ್ಕಕ್ಕಿಟ್ಟು ಡಾಕ್ಟರಿಗೆ ತೋರಿಸಿ. ಮಕ್ಕಳಿಗೆಂದು ಅಷ್ಟು ದೂರದಿಂದ ಪ್ರೀತಿಯಿಂದ ತಂದದ್ದರಲ್ಲಿ ಒಳ್ಳೆಯದು ಮಾತ್ರ ಅವರಿಗೆ ಸಿಗಲಿ.