ಬಾಡುವ ಮೊದಲೇ ನಿಲ್ಲುವ ಬೆಳವಣಿಗೆ
(ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಪೈರು ಬಾಡಿದಾಗ ನೀರು ಕೊಟ್ಟರೆ ಸಾಕು ಎಂಬ ಭಾವನೆ ನಮ್ಮಲ್ಲಿ ಅನೇಕರಿಗಿದೆ. ಆದರೆ ಎಲೆ ಜೋಲು ಬೀಳುವುದಕ್ಕೆ ಎಷ್ಟೋ ಮುಂಚೆಯೇ ಪೈರಿನ ಬೆಳವಣಿಗೆ ನಿಂತಿರುತ್ತದೆ. ಇದಕ್ಕೆ ಕಾರಣ ತಿಳಿಯಬೇಕಾದರೆ ಸಸ್ಯದ ಜೀವಕೋಶದೊಳಗಿನ ಒತ್ತಡದ ವಿಷಯ ಸ್ವಲ್ಪ ಅರಿಯಬೇಕು.

ಗಿಡದ ಪ್ರತಿಯೊಂದು ಜೀವಕೋಶಕ್ಕೂ ಹೊರಗೆ ಒಂದು ಭಿತ್ತಿ, ಒಳಗೆ ಲವಣ ಮತ್ತು ಸಕ್ಕರೆ ಕರಗಿದ ರಸ ಇರುತ್ತವೆ. ಈ ರಸವು ಹೊರಗಿನ ನೀರನ್ನು ಎಳೆದುಕೊಂಡು ಉಬ್ಬಿ, ಭಿತ್ತಿಯನ್ನು ಒಳಗಿನಿಂದ ಒತ್ತುತ್ತದೆ. ಗಾಳಿ ತುಂಬಿದ ಸೈಕಲ್ ಟ್ಯೂಬು ಬಿಗಿಯಾಗುವಂತೆ ನೀರು ತುಂಬಿದ ಕೋಶ ಬಿಗಿಯಾಗುತ್ತದೆ. ಎಳೆಯ ಎಲೆಗಳು ನೆಟ್ಟಗೆ ನಿಲ್ಲುವುದು ಈ ಬಿಗಿಯಿಂದಲೇ. ಜೀಪಿನ ಟೈರಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಒತ್ತಡವಿದ್ದರೆ, ನೀರುಂಡ ಎಲೆಯ ಕೋಶದಲ್ಲಿ ಸಾಮಾನ್ಯವಾಗಿ 3ರಿಂದ 10 ಕಿಲೋ ಇರುತ್ತದೆ. ಇದು ಊಹೆಯಲ್ಲ. ಅತಿ ಸೂಕ್ಷ್ಮವಾದ ಗಾಜಿನ ನಳಿಗೆಯನ್ನು ಕೋಶಕ್ಕೆ ಚುಚ್ಚಿ ಒತ್ತಡ ಅಳೆಯುವ ಉಪಕರಣವನ್ನು ಜರ್ಮನಿಯ ವಿಜ್ಞಾನಿಗಳು ಸಿದ್ಧಪಡಿಸಿದರು. 1978ರ ವೇಳೆಗೆ ಅದು ಬೆಳೆಗಿಡಗಳ ಸಣ್ಣ ಕೋಶಗಳಿಗೂ ಒದಗಿತು.

ಈ ಒತ್ತಡಕ್ಕೂ ಬೆಳವಣಿಗೆಗೂ ಇರುವ ಸಂಬಂಧವನ್ನು ಲಾಕ್‌ಹಾರ್ಟ್ ಎಂಬ ವಿಜ್ಞಾನಿ 1965ರಲ್ಲಿ ಒಂದು ಸರಳ ಲೆಕ್ಕದ ಮಾದರಿಯಲ್ಲಿ ಹಿಡಿದಿಟ್ಟರು. ಭಿತ್ತಿಯು ಸ್ವಲ್ಪ ಮಟ್ಟಿಗೆ ರಬ್ಬರಿನಂತೆ ಹಿಗ್ಗಿ ಮತ್ತೆ ಕುಗ್ಗುತ್ತದೆ. ಒತ್ತಡವು ಒಂದು ಮಿತಿಯನ್ನು ದಾಟಿದರೆ ಮಾತ್ರ ಚಪಾತಿ ಹಿಟ್ಟಿನಂತೆ ಶಾಶ್ವತವಾಗಿ ಹಿಗ್ಗುತ್ತದೆ. ಈ ಶಾಶ್ವತ ಹಿಗ್ಗುವಿಕೆಯೇ ಬೆಳವಣಿಗೆ. ಮಿತಿಗಿಂತ ಒತ್ತಡ ಎಷ್ಟು ಹೆಚ್ಚೋ, ಬೆಳವಣಿಗೆ ಅಷ್ಟು ವೇಗ.

ಉದಾಹರಣೆಗೆ, ಮಿತಿ 3 ಕಿಲೋ ಎಂದಿಟ್ಟುಕೊಳ್ಳೋಣ. ಒಳಗಿನ ಒತ್ತಡ 6 ಕಿಲೋ ಇದ್ದಾಗ ಬೆಳೆಯಲು ಸಿಗುವುದು 3 ಕಿಲೋ. ಒತ್ತಡ ನಾಲ್ಕೂವರೆಗೆ ಇಳಿದರೆ ಸಿಗುವುದು ಒಂದೂವರೆ, ಅಂದರೆ ಬೆಳವಣಿಗೆ ಅರ್ಧ. 3ಕ್ಕೆ ಇಳಿದರೆ ಬೆಳವಣಿಗೆ ಸೊನ್ನೆ. ಆದರೂ ಕೋಶದಲ್ಲಿ ಜೀಪಿನ ಟೈರಿಗಿಂತ ಹೆಚ್ಚು ಒತ್ತಡ ಉಳಿದಿದೆ. ಎಲೆ ನೆಟ್ಟಗೇ ನಿಂತಿದೆ! ರಸ್ತೆಯಿಂದ ನೋಡಿದವರಿಗೆ ಹೊಲ ಹಸಿರಾಗಿಯೇ ಕಾಣುತ್ತದೆ. ಮಧ್ಯಾಹ್ನದ ನಷ್ಟವನ್ನು ಪೈರು ರಾತ್ರಿ ನೀರು ತುಂಬಿಕೊಂಡು ಸ್ವಲ್ಪಮಟ್ಟಿಗೆ ಸರಿದೂಗಿಸಬಲ್ಲದು. ಆದರೆ ಬೇರಿನ ಬಳಿಯ ಮಣ್ಣೇ ಒಣಗಿದರೆ ರಾತ್ರಿಯೂ ತುಂಬಿಕೊಳ್ಳಲಾರದು.

ದಾವಣಗೆರೆ, ಹಾವೇರಿ ಸೀಮೆಯ ಮೆಕ್ಕೆಜೋಳದಲ್ಲಿ ಇದರ ಪರಿಣಾಮ ಸ್ಪಷ್ಟ. ತೆನೆಯ ರೇಷ್ಮೆಯಂಥ ಎಳೆಗಳು ಒಂದೊಂದು ಕಾಳಿಗೆ ಒಂದೊಂದು. ಅವು ಸಿಪ್ಪೆಯಿಂದ ಹೊರಬರುವುದು ಕೋಶಗಳು ಉದ್ದವಾಗುವುದರಿಂದ. ಆ ಸಮಯದಲ್ಲಿ ತೇವ ಕಡಿಮೆಯಾದರೆ ಎಳೆಗಳು ತಡವಾಗಿ ಹೊರಬರುತ್ತವೆ. ಅಷ್ಟರಲ್ಲಿ ಸೂಲಂಗಿಯ ಪರಾಗ ಉದುರಿ ಹೋಗಿರುತ್ತದೆ; ತೆನೆಯಲ್ಲಿ ಕಾಳು ಕಟ್ಟುವುದಿಲ್ಲ. ಆಮೇಲೆ ಎಷ್ಟು ನೀರು ಹಾಯಿಸಿದರೂ ಕಟ್ಟದ ಕಾಳು ಮತ್ತೆ ಕಟ್ಟದು.

ಹಣ್ಣು ಸೀಳುವುದೂ ಈ ಒತ್ತಡದ ಆಟವೇ. ದುಂಡನೆಯ ಕೋಶದ ಭಿತ್ತಿಯಲ್ಲಿ ಉಂಟಾಗುವ ಎಳೆತವನ್ನು ತಿಳಿಯಲು ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ, ಭಿತ್ತಿಯ ದಪ್ಪದ ಎರಡರಷ್ಟರಿಂದ ಭಾಗಿಸಬೇಕು. ತ್ರಿಜ್ಯವು ದಪ್ಪದ 50 ಪಟ್ಟು ಇದ್ದು, ಒಳಗೆ 5 ಕಿಲೋ ಒತ್ತಡವಿದ್ದರೆ, ಭಿತ್ತಿಯ ಮೇಲಿನ ಎಳೆತ 125 ಕಿಲೋ! ಹಣ್ಣಿನ ಸಿಪ್ಪೆಗೂ ತತ್ವ ಇದೇ: ಹಣ್ಣು ದೊಡ್ಡದಾದಂತೆ ಸಿಪ್ಪೆಯ ಎಳೆತ ಹೆಚ್ಚು. ವಿಜಯಪುರ, ಬಾಗಲಕೋಟೆ, ಕೊಪ್ಪಳದ ದಾಳಿಂಬೆ ಬೆಳೆಗಾರರಿಗೆ ಇದರ ಅನುಭವವಿದೆ. ಬಹಳ ದಿನ ಒಣಗಲು ಬಿಟ್ಟರೆ ಸಿಪ್ಪೆ ಗಡುಸಾಗಿ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಆಗ ಒಮ್ಮೆಲೇ ನೀರು ಕೊಟ್ಟರೆ ಅಥವಾ ಜೋರು ಮಳೆ ಬಂದರೆ ಒಳಗಿನ ಕಾಳು ಉಬ್ಬಿ ಸಿಪ್ಪೆ ಸೀಳುತ್ತದೆ. ಕೋಶಭಿತ್ತಿಯನ್ನು ಬೆಸೆಯಲು ಬೋರಾನ್ ಮತ್ತು ಕ್ಯಾಲ್ಸಿಯಂ ಬೇಕು. ಇವುಗಳ ಕೊರತೆಯಿದ್ದರೂ ಹಣ್ಣು ಸೀಳುವುದು ಹೆಚ್ಚು.

ಹಾಗಾದರೆ ರೈತರು ಮಾಡಬೇಕಾದದ್ದೇನು?

1. ಎಲೆ ನೋಡಿ ನೀರು ಕೊಡಬೇಡಿ, ಮಣ್ಣು ನೋಡಿ ಕೊಡಿ. ಕೆಂಪು ಗೋಡು ಮಣ್ಣಿನಲ್ಲಿ ಒಂದು ಗೇಣು ಆಳದ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ. ಉಂಡೆ ಕಟ್ಟದೆ ಉದುರಿದರೆ ನೀರು ಕೊಡುವ ಹೊತ್ತು ಮೀರುತ್ತಿದೆ ಎಂದು ತಿಳಿಯಿರಿ.

2. ಮೆಕ್ಕೆಜೋಳಕ್ಕೆ ಒಂದೇ ನೀರು ಕೊಡುವ ಅನುಕೂಲವಿದ್ದರೆ, ಅದನ್ನು ಸೂಲಂಗಿ ಬರುವ ಹೊತ್ತಿಗೆ ಉಳಿಸಿಕೊಳ್ಳಿ. ಆದರೆ ಹೊಲದಲ್ಲಿ ನೀರು ನಿಲ್ಲಲು ಬಿಡಬೇಡಿ.

3. ಮಳೆಯಾಶ್ರಿತ ಬೆಳೆಯಲ್ಲಿ ಸಕಾಲಕ್ಕೆ ಎಡೆಕುಂಟೆ ಹೊಡೆದು ಕಳೆ ತೆಗೆಯಿರಿ. ಎರೆ ಭೂಮಿಯಲ್ಲಿ ಇದರಿಂದ ಬಿರುಕು ಮುಚ್ಚಿ ತೇವ ಉಳಿಯುತ್ತದೆ.

4. ದಾಳಿಂಬೆಗೆ ಕಾಯಿ ಕಟ್ಟಿದಂದಿನಿಂದ ಕೊಯ್ಲಿನವರೆಗೆ ಸಮನಾಗಿ ನೀರು ಕೊಡಿ. ಬುಡಕ್ಕೆ ಹೊದಿಕೆ ಹಾಕಿ. ಮಣ್ಣು ಪರೀಕ್ಷೆ ಮಾಡಿಸಿದ ಮೇಲೆಯೇ ಬೋರಾನ್ ಬಳಸಿ. ಅದು ಹೆಚ್ಚಾದರೂ ಗಿಡಕ್ಕೆ ಅಪಾಯ.

ಬಾಡಿದ ಎಲೆ ನೀರು ಕಂಡೊಡನೆ ಮತ್ತೆ ಏಳುತ್ತದೆ, ನಿಜ. ಆದರೆ ಆ ದಿನಗಳಲ್ಲಿ ತಪ್ಪಿದ ಬೆಳವಣಿಗೆ ಪೂರ್ತಿಯಾಗಿ ಮರಳುವುದಿಲ್ಲ. ಆದುದರಿಂದ ಪೈರು ಬಾಯಿಬಿಟ್ಟು ಕೇಳುವ ಮುನ್ನವೇ ನೀರು ಒದಗಿಸಬೇಕೆಂದು ಕೋರಿ, ನನ್ನ ಮಾತು ಮುಗಿಸುತ್ತೇನೆ.