ಕಂಪ್ರೆಸರ್ ಪಕ್ಕದಲ್ಲೂ ಕನ್ನಡ ಇರಲಿ
(ಪೀಣ್ಯದ ಯುವಕರ ಮುಂದೆ ಆಡಿದ ಮಾತು)



1986ರ ಸರೋಜಿನಿ ಮಹಿಷಿ ವರದಿ ಹಿಡಿದು ಕೆಲಸ ಕೇಳಿದ್ದೇವೆ, ಇನ್ನೂ ಕೇಳುತ್ತೇವೆ. ಸರಿ. ಆದರೆ ಸಿಕ್ಕ ಕೆಲಸದಲ್ಲಿ ಗಾಳಿ ಗ್ರೈಂಡರ್ ಕೈಕೊಟ್ಟರೆ, ಇಂಗ್ಲಿಷ್ ಪುಸ್ತಕ ಓದಬಲ್ಲವನಿಗಾಗಿ ಕಾಯುತ್ತಾ ನಿಲ್ಲುವುದೇಕೆ?

ಗ್ರೈಂಡರ್ ನಿಧಾನವಾಯಿತೆಂದು ತಕ್ಷಣ ಬಿಚ್ಚಬೇಡಿ. ಮೊದಲು ಗಾಳಿ ನೋಡಿ. ಹೆಚ್ಚಿನ ಟೂಲುಗಳಿಗೆ ಬೇಕಾದ್ದು ಸುಮಾರು 90 ಪಿಎಸ್‌ಐ. ಕಂಪ್ರೆಸರ್ ಬಳಿಯ ಮೀಟರ್ ನಂಬಬೇಡಿ. ಟೂಲ್ ತಿರುಗುತ್ತಿರುವಾಗ ಅದರ ಬಾಯಲ್ಲೇ ಅಳೆಯಿರಿ. ಉದ್ದನೆಯ ಸಣ್ಣ ಪೈಪು, ಸೋರುವ ಕಪ್ಲಿಂಗ್ ದಾರಿಯಲ್ಲೇ ಗಾಳಿ ನುಂಗಿರುತ್ತವೆ. ಜಾಯಿಂಟಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ಕಳ್ಳ ಸಿಕ್ಕ!

ಇನ್ನೊಬ್ಬ ಶತ್ರು ನೀರು. ಒತ್ತಿದ ಗಾಳಿ ತಣ್ಣಗಾದಾಗ ನೀರು ಬಿಡುತ್ತದೆ, ಟೂಲಿನೊಳಗೆ ತುಕ್ಕು ಹಿಡಿಸುತ್ತದೆ. ಟ್ಯಾಂಕಿನ ತಳದ ವಾಲ್ವ್ ತೆರೆದು ದಿನಾ ನೀರು ಬಿಡಿ, ಫಿಲ್ಟರಿನ ಬಟ್ಟಲು ನೋಡಿ. ಲೈನಿನಲ್ಲಿ ಲೂಬ್ರಿಕೇಟರ್ ಇಲ್ಲದಿದ್ದರೆ ಪಾಳಿ ಶುರುವಿಗೆ ಗಾಳಿ ಹೋಗುವ ಬಾಯಿಗೆ ನಾಲ್ಕೈದು ಹನಿ ಏರ್ ಟೂಲ್ ಎಣ್ಣೆ ಬಿಡಿ. ಎಣ್ಣೆ ಕಾಣದ ವೇನುಗಳು ಬೇಗ ಸವೆಯುತ್ತವೆ. ಆಮೇಲೆ ಎಷ್ಟು ಗಾಳಿ ಕೊಟ್ಟರೂ ಬಲವಿಲ್ಲ.

ಕಲ್ಲು ಬದಲಿಸುವಾಗ ಪೈಪು ಕಿತ್ತೇ ಕೈ ಹಾಕಿ. ಆ ಗಾಳಿಯಲ್ಲಿ ಮೈಮೇಲಿನ ಧೂಳು ಊದಿಕೊಳ್ಳುವ ಹುಡುಗಾಟ ಬೇಡ. ಗಾಯದ ಮೂಲಕ ರಕ್ತಕ್ಕೆ ಗಾಳಿ ನುಗ್ಗಿದರೆ ಪ್ರಾಣಕ್ಕೇ ಅಪಾಯ.

ಈ ಎಚ್ಚರಿಕೆ ನಿಮ್ಮ ಗೋಡೆಯ ಮೇಲೆ ಯಾವ ಭಾಷೆಯಲ್ಲಿದೆ? 1948ರ ಕಾರ್ಖಾನೆ ಕಾಯ್ದೆಯ 108ನೇ ಕಲಮೇ, ಕಾಯ್ದೆಯಂತೆ ಹಾಕುವ ಸೂಚನೆಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು ಹೇಳಿತ್ತು. ಅದನ್ನು ಕೇಳಿ. ಅಲ್ಲಿಯವರೆಗೆ ಒಂದು ರಟ್ಟು, ಒಂದು ಮಾರ್ಕರ್ ತನ್ನಿ. ನೀರು ಬಿಟ್ಟ ದಿನ, ಎಣ್ಣೆ ಹಾಕಿದ ದಿನ, ಕಂಡ ದೋಷ ಎಲ್ಲವನ್ನೂ ಕನ್ನಡದಲ್ಲಿ ಬರೆದು ಕಂಪ್ರೆಸರ್ ಪಕ್ಕ ನೇತುಹಾಕಿ. ಮುಂದಿನ ಪಾಳಿಯ ಹುಡುಗ ಓದಿಕೊಳ್ಳುತ್ತಾನೆ.